ಮುನ್ನೂರೋ, ನಾನೂರೈವತ್ತೋ?

1998ರ ಆಗಸ್ಟ್ 24ರಂದು ಅಮೆರಿಕದ ಇಂಟೆಲ್ ಕಂಪೆನಿ ಎರಡು ಬಗೆಯ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು ಪೆಂಟಿಯಂ-2, ಅದರ ವೇಗ 450 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ 45 ಕೋಟಿ ಮಿಡಿತ, ಸಾವಿರದ ಲೆಕ್ಕದಲ್ಲಿ ಕೊಳ್ಳುವವರಿಗೆ ಒಂದರ ಬೆಲೆ 669 ಡಾಲರ್. ಇನ್ನೊಂದು ಸೆಲೆರಾನ್ 300ಎ. ವೇಗ 300, ಬೆಲೆ 149. ಮೊದಲನೆಯದು ಉಳ್ಳವರಿಗೆ, ಎರಡನೆಯದು ಉಳಿದವರಿಗೆ ಎಂಬುದು ಕಂಪೆನಿಯ ಏರ್ಪಾಡು. ಆದರೆ ಅಗ್ಗದ ಚಿಪ್ಪನ್ನು ಕೊಂಡವರು ಬಹುಬೇಗ ಅದನ್ನು ದುಬಾರಿಯ ಚಿಪ್ಪಿನ ವೇಗಕ್ಕೇ ಓಡಿಸತೊಡಗಿದರು. ಹಾಗಾದರೆ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಪ್ರಕೃತಿಯ ಕಟ್ಟಳೆಯೋ, ವ್ಯಾಪಾರಿಯ ಮಾತೋ?

ಇದನ್ನು ತಿಳಿಯಬೇಕಾದರೆ ಮೊದಲು ‘ಬಸ್’ ಎಂಬುದನ್ನು ತಿಳಿಯಬೇಕು. ರಸ್ತೆಯ ಬಸ್ಸಿಗೂ ಇದಕ್ಕೂ ಹೆಸರಿನ ನಂಟು ಉಂಟು. ಎರಡರ ಮೂಲವೂ ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನ್ ಪದ. ಕಂಪ್ಯೂಟರಿನೊಳಗೆ ಪ್ರೊಸೆಸರ್, ನೆನಪಿನ ಚಿಪ್ಪುಗಳು, ಉಳಿದ ಅಂಗಗಳು ತಮ್ಮ ತಮ್ಮಲ್ಲಿ ಮಾಹಿತಿ ಸಾಗಿಸುವ ತಂತಿಗಳ ಸಾಲೇ ಬಸ್. ಎಲ್ಲರೂ ಒಂದೇ ಲಯದಲ್ಲಿ ನಡೆಯಬೇಕಾದ್ದರಿಂದ ಸ್ಫಟಿಕದ ಪುಟ್ಟ ಹರಳೊಂದು ಕಂಪಿಸಿ ತಾಳ ಹಾಕುತ್ತದೆ.

ಮೊದಮೊದಲು ಬಸ್ಸಿನ ತಾಳವೇ ಪ್ರೊಸೆಸರಿನ ತಾಳ. 1981ರ ಐಬಿಎಂ ಪಿಸಿಯಲ್ಲಿ ಅದು 4.77 ಮೆಗಾಹರ್ಟ್ಸ್. ಈ ವಿಚಿತ್ರ ಅಂಕಿಯ ಗುಟ್ಟು ಗಣಿತದಲ್ಲಿಲ್ಲ, ಟೆಲಿವಿಷನ್ನಿನಲ್ಲಿದೆ: ಅಮೆರಿಕದ ಬಣ್ಣದ ಟಿ.ವಿ.ಯ ಸಂಕೇತಕ್ಕೆ ಒಪ್ಪುವ 14.318ರ ಹರಳನ್ನು ಹಾಕಿ, ಅದನ್ನು ಮೂರರಿಂದ ಭಾಗಿಸಿದ್ದರು, ಅಷ್ಟೆ. 1984ರ ಐಬಿಎಂ ಎಟಿಯಲ್ಲಿ 12ರ ಹರಳು, 6ರ ವೇಗ. ಹರಳನ್ನು ಬೆಸೆದಿರಲಿಲ್ಲ, ಗೂಡಿನಲ್ಲಿ ಸಿಕ್ಕಿಸಿದ್ದರು. ಉತ್ಸಾಹಿಗಳು ಅದನ್ನು ಕಿತ್ತು 16ರ ಹರಳನ್ನು ಇಟ್ಟರು. ಯಂತ್ರ 8ರಲ್ಲಿ ಓಡಿತು. ಐಬಿಎಂಗೆ ಇದು ರುಚಿಸಲಿಲ್ಲ. ಯಂತ್ರ ಏಳುವಾಗಲೇ ವೇಗವನ್ನು ಅಳೆದು, ಹೆಚ್ಚಿದ್ದರೆ ಮುಷ್ಕರ ಹೂಡುವಂತೆ ಮುಂದಿನ ಯಂತ್ರಗಳಲ್ಲಿ ಕಟ್ಟುಮಾಡಿತು. 1986ರಲ್ಲಿ 8ರ ವೇಗದ ಎಟಿಯನ್ನು ತಾನೇ ಮಾರಿತು!

ಪ್ರೊಸೆಸರುಗಳು ಚುರುಕಾದಂತೆ ಬಸ್ ಹಿಂದೆ ಬಿತ್ತು. ಉದ್ದದ ತಂತಿಗಳಲ್ಲಿ ಸಂಕೇತವನ್ನು ವೇಗವಾಗಿ ಹರಿಸುವುದು ಕಷ್ಟ. ಅದಕ್ಕೆ 1992ರ 486 ಡಿಎಕ್ಸ್2 ಒಂದು ಉಪಾಯ ತಂದಿತು. ನಮ್ಮ ಸಂಗೀತ ಬಲ್ಲವರಿಗೆ ಅದು ಹೊಸದೇನಲ್ಲ: ತಾಳದ ಕೈ ಅದೇ ನಿಧಾನದಲ್ಲಿರುವಾಗ ಗಾಯಕರು ವರ್ಣವನ್ನು ಎರಡನೆಯ ಕಾಲಕ್ಕೆ ಏರಿಸುವುದಿಲ್ಲವೆ? ಹಾಗೆಯೇ ಬಸ್ 33ರಲ್ಲಿದ್ದಾಗ ಪ್ರೊಸೆಸರ್ ಒಳಗೊಳಗೆ 66ರಲ್ಲಿ ನಡೆಯಿತು. ಅಲ್ಲಿಂದ ಮುಂದೆ ವೇಗವೆಂದರೆ ಬಸ್ಸಿನ ತಾಳವನ್ನು ಒಂದು ಗುಣಕದಿಂದ ಗುಣಿಸಿ ಬಂದದ್ದು.

ಗುಣಕವನ್ನು ಬದಲಿಸುವುದು ಸುಲಭವಾದಾಗ ಮೋಸವೂ ಸುಲಭವಾಯಿತು. ಚಿಪ್ಪಿನ ಮೇಲಿನ ಅಚ್ಚನ್ನು ಕೆರೆದು, ದೊಡ್ಡ ಅಂಕಿ ಬರೆದು ಮಾರುವ ಖದೀಮರು ಹುಟ್ಟಿಕೊಂಡರು. ಇಂಟೆಲ್ ಗುಣಕಕ್ಕೆ ಕಾರ್ಖಾನೆಯಲ್ಲೇ ಬೀಗ ಜಡಿಯಿತು. ಮೋಸ ತಡೆಯಲೆಂಬ ಅದರ ವಾದ ಸುಳ್ಳಲ್ಲ. ಆದರೆ ಅದೇ ಬೀಗ ಪ್ರಾಮಾಣಿಕನಾದ ಗಿರಾಕಿಯ ಕೈಯನ್ನೂ ಕಟ್ಟಿತು, ಕಂಪೆನಿಯ ದುಬಾರಿ ಸರಕನ್ನೂ ಕಾಯಿತು ಎಂಬುದನ್ನು ಮರೆಯಲಾಗದು.

ಸೆಲೆರಾನ್ 300ಎ ಚಿಪ್ಪಿನ ಗುಣಕ ನಾಲ್ಕೂವರೆ. ಅದಕ್ಕೆ ಬೀಗವಿತ್ತು. (ಎರಡು ಬೆಲೆಗಳ ಅಂತರವೂ ಹೆಚ್ಚುಕಡಿಮೆ ನಾಲ್ಕೂವರೆ ಪಟ್ಟೆಂಬುದು ಕಾಕತಾಳೀಯ.) ಬಸ್ 66ರಲ್ಲಿದ್ದರೆ ಬರುವುದು 300, 100ಕ್ಕೆ ಏರಿಸಿದರೆ ಸರಿಯಾಗಿ 450. ಬಸ್ಸಿನ ತಾಳ ಹುಟ್ಟುವುದು ಮದರ್‌ಬೋರ್ಡಿನಲ್ಲಿ, ಅಲ್ಲಿಗೆ ಚಿಪ್ಪಿನ ಬೀಗ ತಲುಪದು. ಅದೇ ವರ್ಷ ಬಂದಿದ್ದ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳು 100ನ್ನು ಸಲೀಸಾಗಿ ನಡೆಸುತ್ತಿದ್ದವು. ಎಬಿಟ್ ಬಿಎಚ್6 ಬೋರ್ಡಿನಲ್ಲಿ ತೆರೆಯ ಮೇಲೆಯೇ ಅಂಕಿ ಆರಿಸಿಕೊಳ್ಳಬಹುದಿತ್ತು. ಬೋರ್ಡು ಹಟ ಹಿಡಿದರೆ ಚಿಪ್ಪಿನ ಬಿ21 ಎಂಬ ಸಂಪರ್ಕದ ಮೇಲೆ ಚೂರು ಟೇಪ್ ಅಂಟಿಸಿದರಾಯಿತು. 66ರ ಚಿಪ್ಪೆಂದು ಸಾರುವ ತಂತಿ ಮೂಕವಾಗಿ, ಬೋರ್ಡು ಅದನ್ನು 100ರದೆಂದೇ ನಂಬುತ್ತಿತ್ತು.

ಬಸ್ಸನ್ನು ಮನಬಂದಂತೆ ಏರಿಸುವುದೂ ಸಲ್ಲದು. ಡಿಸ್ಕ್ ಮುಂತಾದ ಅಂಗಗಳಿರುವ ಪಿಸಿಐ ಎಂಬ ಕಿರಿಯ ಬಸ್ಸಿಗೆ 33ರ ನಡೆ ಒಗ್ಗಿದೆ. ಅದು ಹಿರಿಯ ಬಸ್ಸಿನ ಅರ್ಧ. ಹಿರಿಯದನ್ನು 83ಕ್ಕೆ ಏರಿಸಿದರೆ ಕಿರಿಯದು 41 ದಾಟುತ್ತದೆ. ಆಗ ಬರೆದ ಕಡತ ಕೆಡಬಹುದು. ಆದರೆ 100ರಲ್ಲಿ ಬೋರ್ಡು ಅರ್ಧದ ಬದಲು ಮೂರನೆಯ ಒಂದು ಪಾಲನ್ನು ಕೊಡುತ್ತದೆ. ಕಿರಿಯದು ಮತ್ತೆ 33ಕ್ಕೇ ಬಂದು ನಿಲ್ಲುತ್ತದೆ. ಹೆಚ್ಚು ಹಾರಿದವನಿಗೇ ಹೆಚ್ಚು ಕ್ಷೇಮ! 300ಎ ಮನೆಮಾತಾದದ್ದಕ್ಕೆ ಈ ಲೆಕ್ಕವೂ ಒಂದು ಕಾರಣ.

ಮುಖ್ಯ ಕಾರಣ ಬೇರೆ. ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟಿದ ಚಿಪ್ಪುಗಳೂ ಸಮನಾಗಿರುವುದಿಲ್ಲ; ಪರೀಕ್ಷಿಸಿ, ಅಂಕಿ ಕೊಡಬೇಕು. ಆದರೆ ತಯಾರಿಕೆ ಹದಕ್ಕೆ ಬಂದು ಹೆಚ್ಚಿನವು ಚುರುಕಾಗಿಯೇ ಹುಟ್ಟಿ, ಪೇಟೆ ಅಗ್ಗದ್ದನ್ನೇ ಕೇಳಿದಾಗ, ಚುರುಕಿನ ಚಿಪ್ಪಿಗೂ ಸಣ್ಣ ಅಂಕಿಯನ್ನೇ ಅಚ್ಚುಹಾಕಬೇಕಾಗುತ್ತದೆ. ಜೊತೆಗೆ ಪೆಂಟಿಯಂ-2ರ ಎರಡನೆಯ ಮಟ್ಟದ ಕ್ಯಾಷ್ ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. 300ಎದ 128 ಕಿಲೋಬೈಟ್ ಚಿಕ್ಕದೇನೋ ಸರಿ, ಆದರೆ ಪ್ರೊಸೆಸರಿನ ಒಡಲಲ್ಲೇ ಇದ್ದು ಪೂರ್ಣ ವೇಗಕ್ಕೆ ಹೆಜ್ಜೆ ಹಾಕಿತು. ಬಡವರ ಚಿಪ್ಪು ಕೆಲವು ಕೆಲಸಗಳಲ್ಲಿ ಸಿರಿವಂತರದಕ್ಕೆ ಸರಿಸಾಟಿಯಾಗಿ ನಿಂತಿತು.

ಪುಕ್ಕಟೆಯಾಗಿ ಬಂದದ್ದಲ್ಲ. ಎಲ್ಲ 300ಎಗಳೂ 450 ಮುಟ್ಟಲಿಲ್ಲ. ಮೊಂಡು ಚಿಪ್ಪಿಗೆ 2.0 ವೋಲ್ಟಿನ ಬದಲು 2.2 ಉಣಿಸಬೇಕು. ವಿದ್ಯುತ್ತಿನ ಖರ್ಚು ವೋಲ್ಟಿನ ವರ್ಗದಂತೆ ಏರುವುದರಿಂದ, ಒಂದೂವರೆ ಪಟ್ಟು ವೇಗಕ್ಕೆ ಸುಮಾರು 1.8 ಪಟ್ಟು ಬಿಸಿ. ದೊಡ್ಡ ಫ್ಯಾನು ಬೇಕು. ಗ್ಯಾರಂಟಿ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ನಿಂತೇಹೋಗದೆ ಎಂದೋ ಒಮ್ಮೆ ಲೆಕ್ಕ ತಪ್ಪುವ ಯಂತ್ರ. ಆಟವಾಡುವವನಿಗೆ ಅದು ನಗೆ, ಜಮಾಖರ್ಚು ಬರೆಯುವವನಿಗೆ ನಷ್ಟ.

2000ದಲ್ಲಿ ಎಎಂಡಿ ಕಂಪೆನಿಯ ಅಥ್ಲಾನ್ ಚಿಪ್ಪುಗಳ ಬೀಗವನ್ನು ಜನ ಸೀಸದ ಕಡ್ಡಿಯಿಂದ ತೆರೆದರು. ಕಾರ್ಖಾನೆಯಲ್ಲಿ ಕತ್ತರಿಸಿದ್ದ ಸೂಕ್ಷ್ಮ ಸೇತುವೆಗಳ ಮೇಲೆ ಪೆನ್ಸಿಲ್ ಗೀಚಿದರೆ ಗ್ರಾಫೈಟಿನಲ್ಲಿ ವಿದ್ಯುತ್ ಹರಿದು ಗುಣಕ ಕೈಗೆ ಬರುತ್ತಿತ್ತು. 2011ರ ಹೊತ್ತಿಗೆ ಇಂಟೆಲ್ ತಾಳ ಹುಟ್ಟುವ ಜಾಗವನ್ನೇ ಚಿಪ್‌ಸೆಟ್ಟಿನೊಳಗೆ ಸೇರಿಸಿ, ಎಲ್ಲ ಅಂಗಗಳನ್ನೂ ಅದೊಂದಕ್ಕೇ ಕಟ್ಟಿತು. 100ರ ತಾಳವನ್ನು ತುಸುವೇ ಏರಿಸಿದರೂ ಡಿಸ್ಕಿನಿಂದ ಹಿಡಿದು ಎಲ್ಲವೂ ತತ್ತರಿಸತೊಡಗಿದವು. ಬೀಗವಿಲ್ಲದ ಗುಣಕ ಬೇಕೆನ್ನುವವರಿಗಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಚಿಪ್ಪುಗಳನ್ನು ಬೇರೆಯೇ ಇಟ್ಟಿತು. ಆ ಒಂದು ಅಕ್ಷರಕ್ಕೆ ಬೆಲೆ ತುಸು ಜಾಸ್ತಿ.