ಕಾನೂನು ಆರಿಸಿಕೊಟ್ಟ ಗುಂಡು

ಕಲ್ಯಾಣದಿಂದ ಕರ್ಜತ್ ಕಡೆಯ ಲೋಕಲ್ ಹಿಡಿದರೆ ವಿಠ್ಠಲವಾಡಿ, ಉಲ್ಹಾಸನಗರ ಆದ ಮೇಲೆ ಅಂಬರನಾಥ. ಶಿಲಾಹಾರರ ಕಾಲದ ಶಿವಾಲಯಕ್ಕೆ ಹೆಸರಾದ ಈ ಊರಿನಲ್ಲಿ ಒಂದು ಆರ್ಡ್‌ನೆನ್ಸ್ ಫ್ಯಾಕ್ಟರಿಯೂ ಇದೆ. ಅಲ್ಲಿ ಹಿತ್ತಾಳೆ ಕರಗಿಸಿ ಪುಟ್ಟ ಬಟ್ಟಲುಗಳನ್ನು ಒತ್ತುತ್ತಾರೆ. ಆ ಬಟ್ಟಲನ್ನು ಯಂತ್ರದಲ್ಲಿ ಎಳೆದೆಳೆದು ಉದ್ದ ಮಾಡಿದರೆ ಕಾಡತೂಸಿನ ಚಿಪ್ಪು. ಘಾಟಿ ಹತ್ತಿ ಪುಣೆಗೆ ಹೋದರೆ, 1869ರಲ್ಲಿ ಶುರುವಾದ ಖಡ್ಕಿಯ ಮದ್ದುಗುಂಡು ಕಾರ್ಖಾನೆ. ರಿವಾಲ್ವರ್ ಕಾಡತೂಸಿನ ಬುಡದಲ್ಲಿ 'ಕೆಎಫ್' ಎಂಬ ಮುದ್ರೆ ಕಂಡರೆ ಅದು ಅಲ್ಲಿಯದು.

ಥಾಣೆ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಪೊಲೀಸ್ ಕಮಿಷನರ್ ಸಹಿ ಮಾಡಿದ ಪರವಾನಗಿ ಇಟ್ಟುಕೊಂಡವರ ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಇರುವುದು ಇಂಥ ಪಾಯಿಂಟ್ 32 ಕಾಡತೂಸು. 1896ರಷ್ಟು ಹಳೆಯ ವಿನ್ಯಾಸ. ಆರು ಗ್ರಾಂ ಚಿಲ್ಲರೆ ಸೀಸ, ಸೆಕೆಂಡಿಗೆ ಸುಮಾರು 215 ಮೀಟರ್ ವೇಗ. ಸಿನಿಮಾದ ದೆಸೆಯಿಂದ ಎಲ್ಲರಿಗೂ ಹೆಸರು ಗೊತ್ತಿರುವ ಮ್ಯಾಗ್ನಮ್‌ನ ಪಕ್ಕಕ್ಕಿಟ್ಟರೆ ಇದರ ಶಕ್ತಿ ಐದರಲ್ಲೊಂದು ಪಾಲು. ತೊಂಬತ್ತರ ದಶಕದಲ್ಲಿ ಹಫ್ತಾ ಕರೆಗಳಿಗೆ ಹೆದರಿ ಪರವಾನಗಿಗೆ ಅರ್ಜಿ ಹಾಕಿದ ಹೋಟೆಲಿನವರು, ಬಿಲ್ಡರುಗಳು ಇಷ್ಟು ಸಪ್ಪೆ ಗುಂಡನ್ನೇ ಏಕೆ ಕೊಂಡರು? ಅದನ್ನು ಅವರು ಆರಿಸಿರಲಿಲ್ಲ ಎಂಬುದೇ ಉತ್ತರ.

ಯಾವ ಗುಂಡು ಮನುಷ್ಯನನ್ನು ನಿಲ್ಲಿಸುತ್ತದೆ ಎಂಬ ಜಗಳಕ್ಕೆ ನಮ್ಮ ದೇಶದ ಊರೊಂದರ ಹೆಸರು ಅಂಟಿಕೊಂಡಿದೆ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಹೊಸ ಪಾಯಿಂಟ್ 303 ಗುಂಡು ಎದುರಾಳಿಯ ಮೈಯನ್ನು ಸೂಜಿಯ ಹಾಗೆ ತೂರಿ ಆಚೆ ಹೋಗುತ್ತದೆ, ಆತ ಮಾತ್ರ ಓಡುತ್ತಲೇ ಇರುತ್ತಾನೆ ಎಂದು ಬ್ರಿಟಿಷ್ ಸೇನೆ ದೂರಿತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ಮೂತಿಯ ಲೋಹದ ಹೊದಿಕೆ ತೆಗೆದು ಸೀಸ ಕಾಣುವಂತೆ ಮಾಡಿದ. ಮೈಗೆ ಹೊಕ್ಕ ಕೂಡಲೇ ಅದು ಅಣಬೆಯ ಹಾಗೆ ಅರಳುತ್ತಿತ್ತು. 1899ರಲ್ಲಿ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಅದಕ್ಕೆ ಒಪ್ಪಿದ್ದು 1907ರಲ್ಲಿ. ಗಡಿನಾಡಿನ ಪಠಾಣನ ಮೈಮೇಲೆ ನಡೆದ ಪ್ರಯೋಗ ಯುರೋಪಿನವರ ಮೈಮೇಲೂ ಆಗಬಹುದು ಎಂದಾಗಲೇ ಅದು ಅಮಾನುಷವಾಗಿ ಕಂಡಿತು ಎಂಬುದು ನನ್ನ ಗುಮಾನಿ.

ಅಮೆರಿಕದ ಸೈನ್ಯಕ್ಕೂ ಫಿಲಿಪೈನ್ಸ್‌ನಲ್ಲಿ ಇದೇ ದೂರು ಕೇಳಿಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಶವಗಳ ಮೇಲೂ ಗುಂಡು ಹಾರಿಸಿ, ಪಾಯಿಂಟ್ 45ಕ್ಕಿಂತ ಸಣ್ಣದು ಬೇಡ ಎಂದರು. ಮ್ಯಾಗ್ನಮ್ ಬಂದದ್ದು ಬೇರೆ ಕಾರಣಕ್ಕೆ. ಪೊಲೀಸರ ಗುಂಡು ಡಕಾಯಿತರ ಕಾರಿನ ತಗಡು ತೂರುತ್ತಿರಲಿಲ್ಲ. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಪಾಯಿಂಟ್ 38 ಸ್ಪೆಷಲ್‌ನ ಚಿಪ್ಪನ್ನು ಮೂರು ಮಿಲಿಮೀಟರ್ ಚಿಲ್ಲರೆ ಉದ್ದ ಮಾಡಿ, ಒಳಗಿನ ಒತ್ತಡ ಏರಿಸಿ, ಪಾಯಿಂಟ್ 357 ಮ್ಯಾಗ್ನಮ್ ಎಂದು ಹೆಸರಿಟ್ಟಿತು. ಹೆಸರು ದೊಡ್ಡ ಷಾಂಪೇನ್ ಬಾಟಲಿಯದು. ಉದ್ದ ಹೆಚ್ಚಿಸಿದ್ದು ಅದು ಹಳೆಯ, ದುರ್ಬಲ ರಿವಾಲ್ವರಿನೊಳಗೆ ಹೋಗಿ ಸಿಡಿಯದಿರಲಿ ಎಂದು. ಹಾಗಾಗಿ ಮ್ಯಾಗ್ನಮ್ ರಿವಾಲ್ವರಿನಲ್ಲಿ ಸ್ಪೆಷಲ್ ಹಾರುತ್ತದೆ, ಸ್ಪೆಷಲ್ ರಿವಾಲ್ವರಿನಲ್ಲಿ ಮ್ಯಾಗ್ನಮ್ ಕೂರುವುದಿಲ್ಲ.

ಆಗ ಸಾರಿದ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಅದು ಎಂಟೂಮುಕ್ಕಾಲು ಇಂಚಿನ ನಳಿಗೆಗೆ. ಸೊಂಟಕ್ಕೆ ಸಿಕ್ಕಿಸುವ ನಾಲ್ಕಿಂಚಿನ ನಳಿಗೆಯಲ್ಲಿ ಅದೇ ತೂಕದ ಗುಂಡು 375ರ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಕೈಗೆ ಒದೆತ, ಕಣ್ಣಿಗೆ ಬೆಂಕಿಯ ಮಿಂಚು, ಕಿವಿಗೆ ಏಟು. ಎರಡನೆಯ ಗುಂಡು ಗುರಿಗೆ ಬರುವುದು ತಡ.

ಈ ಲೆಕ್ಕ ನಿಜಕ್ಕೂ ತಿರುಗಿದ್ದು 1986ರ ಏಪ್ರಿಲ್ 11ರಂದು, ಮಯಾಮಿಯಲ್ಲಿ. ಇಬ್ಬರು ದರೋಡೆಕೋರರ ಜೊತೆ ನಡೆದ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ದರೋಡೆಕೋರರಲ್ಲಿ ಒಬ್ಬನಿಗೆ ಮೊದಲಲ್ಲೇ ತಗುಲಿದ 9 ಎಂಎಂ ಗುಂಡು ತೋಳು ತೂರಿ, ಎದೆಗೆ ಹೊಕ್ಕು, ಹೃದಯಕ್ಕೆ ಸ್ವಲ್ಪ ಇತ್ತಲೇ ನಿಂತಿತು. ಆತ ಕಾದಾಡುತ್ತಲೇ ಇದ್ದ. ಕೊನೆಗೆ ಅದನ್ನು ಮುಗಿಸಿದ್ದು ಗಾಯಗೊಂಡಿದ್ದ ಏಜೆಂಟ್ ಒಬ್ಬ. ಆತನ ಕೈಯಲ್ಲಿದ್ದದ್ದು ಪಾಯಿಂಟ್ 357 ಮ್ಯಾಗ್ನಮ್ ರಿವಾಲ್ವರ್. ಒಳಗೆ ತುಂಬಿದ್ದದ್ದು ಮಾತ್ರ ಪಾಯಿಂಟ್ 38 ಸ್ಪೆಷಲ್!

ಆಮೇಲೆ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಅವರ ವಾದಕ್ಕೆ ಬೆಲೆ ಬಂತು. ಕೈಬಂದೂಕಿನ ಗುಂಡು ಯಾರನ್ನೂ ಹಿಂದಕ್ಕೆ ಎಸೆಯುವುದಿಲ್ಲ. ಅದು ಮಾಡುವುದು ಒಂದು ತೂತು. ತೂತು ಎಲ್ಲಿ, ಎಷ್ಟು ಆಳ ಎಂಬುದೇ ಮುಖ್ಯ. ಎಫ್‌ಬಿಐ ಜೆಲಾಟಿನ್ ಗಟ್ಟಿಯಲ್ಲಿ 12ರಿಂದ 18 ಇಂಚು ಇಳಿಯಬೇಕೆಂಬ ಅಳತೆ ಹಾಕಿಕೊಂಡಿತು. ಒಂದೇ ಗುಂಡಿಗೆ ಇಷ್ಟು ಶೇಕಡಾ ಜನ ಬಿದ್ದರು ಎಂಬ ಪಟ್ಟಿಗಳೂ ಆ ಕಾಲದಲ್ಲಿ ಪುಸ್ತಕವಾಗಿ ಬಂದವು. ಎರಡು ಗುಂಡು ಬೇಕಾದ ಪ್ರಕರಣಗಳನ್ನು ಬಿಟ್ಟು ಮಾಡಿದ ಶೇಕಡಾವಾರಿಗೆ ನಾನಂತೂ ಬೆಲೆ ಕೊಡಲಾರೆ.

ನಮ್ಮಲ್ಲಿ ಇದಾವುದೂ ಲೆಕ್ಕಕ್ಕೆ ಬರಲಿಲ್ಲ. 1857ರ ನೆನಪಿನಿಂದ ಹುಟ್ಟಿದ್ದು ಲಿಟ್ಟನ್‌ನ 1878ರ ಶಸ್ತ್ರ ಕಾಯ್ದೆ. ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ಮಾಡಿತು, ಆದರೆ ಭಯ ಹಳೆಯದೇ. 1962ರ ನಿಯಮಗಳಲ್ಲಿ ನಿರ್ಬಂಧಿತ ಬೋರ್‌ನ ಪಟ್ಟಿ ನೋಡಿ: ಸೇನೆಯ ಪಾಯಿಂಟ್ 380, ಪಾಯಿಂಟ್ 455 ಅಥವಾ 9 ಎಂಎಂ ಕಾಡತೂಸು ಯಾವುದರೊಳಗೆ ಕೂತು ಹಾರುತ್ತದೋ ಆ ಪಿಸ್ತೂಲು, ರಿವಾಲ್ವರ್. ಗುಂಡು ಎಷ್ಟು ಬಲವಾದದ್ದು ಎಂಬ ಪ್ರಶ್ನೆಯೇ ಇಲ್ಲ. ಸರ್ಕಾರಿ ಉಗ್ರಾಣದಿಂದ ಕದ್ದ ಕಾಡತೂಸು ಜನರ ಬಂದೂಕಿಗೆ ಹೊಂದಬಾರದು, ಅಷ್ಟೆ.

ಇದರಿಂದ ಒಂದು ತಮಾಷೆ ಆಯಿತು. ನಿಧಾನಗತಿಯ ಪಾಯಿಂಟ್ 380 ನಿರ್ಬಂಧಿತ. ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಪಾಯಿಂಟ್ 357 ಮ್ಯಾಗ್ನಮ್ ಆ ಪಟ್ಟಿಯ ಹೊರಗೆ, ಏಕೆಂದರೆ ಪಾಯಿಂಟ್ 380ರ ಚಿಪ್ಪು ಕೂದಲೆಳೆಯಷ್ಟು ದಪ್ಪ, ಮ್ಯಾಗ್ನಮ್ ರಿವಾಲ್ವರಿನ ಮನೆಯೊಳಗೆ ಹೋಗುವುದಿಲ್ಲ. ಹಾಗೆಂದು ಮ್ಯಾಗ್ನಮ್ ಸಿಗುತ್ತಿತ್ತೇ? ಎಂಬತ್ತರ ದಶಕದ ಮಧ್ಯದಲ್ಲಿ ಖಾಸಗಿಯವರ ಆಮದು ನಿಂತಿತು. ಉಳಿದದ್ದು ಹಳೆಯ ವಿದೇಶಿ ರಿವಾಲ್ವರುಗಳು, ಲಕ್ಷಗಳ ಬೆಲೆಗೆ ಕೈಯಿಂದ ಕೈಗೆ. ದುಬಾರಿ ಕಾಡತೂಸನ್ನು ಹುಡುಕಿ ತರಬೇಕು; ಅಭ್ಯಾಸಕ್ಕೆ ಸುಡುವ ಮನಸ್ಸು ಯಾರಿಗಿರುತ್ತದೆ?

ಅಭ್ಯಾಸವಿಲ್ಲದ ಕೈಗೆ ಮ್ಯಾಗ್ನಮ್ ಕೊಟ್ಟರೆ ಏನಾಗುತ್ತದೆ ಎಂದು ಡೊಂಬಿವಲಿಯ ಬಿಲ್ಡಿಂಗೊಂದರಲ್ಲಿ ನಿಂತು ಯೋಚಿಸಬೇಕು. ಒಂದೇ ಮಹಡಿಯಲ್ಲಿ ಎದುರುಬದುರಾಗಿ ನಾಲ್ಕು ಮನೆ, ನಡುವೆ ಮರದ ಬಾಗಿಲು. ಕಾರಿನ ತಗಡು ತೂರಲೆಂದೇ ಹುಟ್ಟಿದ ಗುಂಡಿಗೆ ಆ ಬಾಗಿಲು ಲೆಕ್ಕವಲ್ಲ, ಗುರಿ ತಪ್ಪಿದರೆ ಎದುರುಮನೆಯ ಮಗುವೂ ಲೆಕ್ಕವಲ್ಲ. ಪಾಯಿಂಟ್ 32 ಕೂಡ ನಿರಪಾಯಿಯಲ್ಲ, ಜನ ಅದರಿಂದಲೂ ಸಾಯುತ್ತಾರೆ. ಆದರೆ ಒದೆತ ಕಡಿಮೆ, ಆರು ಗುಂಡನ್ನೂ ಹೆಚ್ಚುಕಡಿಮೆ ಒಂದೇ ಕಡೆ ಹಾಕಬಹುದು. ಸರ್ಕಾರ ತನ್ನ ಉಗ್ರಾಣದ ಚಿಂತೆಯಲ್ಲಿ ಬಿಟ್ಟುಕೊಟ್ಟ ಗುಂಡು ಈ ಇಕ್ಕಟ್ಟಿನ ಊರುಗಳಿಗೆ ಅಷ್ಟೇನೂ ಕೆಟ್ಟ ಆಯ್ಕೆ ಆಗಲಿಲ್ಲ.

2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದರು. ಖಡ್ಕಿ ಹೋದದ್ದು ಮ್ಯುನಿಷನ್ಸ್ ಇಂಡಿಯಾಕ್ಕೆ. ಅಂಬರನಾಥದ ಆರ್ಡ್‌ನೆನ್ಸ್ ಫ್ಯಾಕ್ಟರಿ ಸೇರಿದ್ದು ಯಂತ್ರ ಇಂಡಿಯಾಕ್ಕೆ, ಡಮ್‌ಡಮ್ ಕೂಡ ಅದೇ ಕಂಪನಿಗೆ. ರಿವಾಲ್ವರ್ ಮಾಡುವ ಕಾನ್ಪುರದ ಕಾರ್ಖಾನೆಯೂ ಇನ್ನೊಂದು ಕಂಪನಿಗೆ ಸೇರಿತು. 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ತಂದದ್ದು ಕಾನ್ಪುರವೇ. 2023ರ ಆಗಸ್ಟಿನಲ್ಲಿ ಐವತ್ತು ಮೀಟರ್ ದೂರ ಹೊಡೆಯುತ್ತದೆಂದು ಸಾರಿ 'ಪ್ರಬಲ್' ತಂದದ್ದೂ ಅದೇ. ಎರಡರ ಬೋರೂ ಪಾಯಿಂಟ್ 32.