ಔಷಧನಿರೋಧದ ಸಂಕ್ರಮಣ: ಜಪಾನಿನ ಆಮಶಂಕೆಯ ಚರಿತ್ರೆಯಿಂದ ಒಂದು ವಿಚಾರ

ಆಸ್ಪತ್ರೆಗಳಲ್ಲಿ ಔಷಧಕ್ಕೆ ಮಣಿಯದ ಕರುಳಿನ ಅಣುಜೀವಿಗಳು ಹಬ್ಬುವುದಕ್ಕೆ ಅವುಗಳ ಸಂತಾನವೃದ್ಧಿಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸುವರು. ಇದು ಅರ್ಧಸತ್ಯವೆಂಬುದು ಜಪಾನಿನ ಆಮಶಂಕೆಯ ಚರಿತ್ರೆಯಿಂದ ವಿಶದವಾಗುತ್ತದೆ.

ಆಮಶಂಕೆಯ ಅಣುಜೀವಿಯನ್ನು 1897ರಲ್ಲಿ ಕಂಡುಹಿಡಿದವರು ಜಪಾನಿನ ಕಿಯೋಶಿ ಶಿಗ ಅವರು. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ಈ ರೋಗಕ್ಕೆ ಸಲ್ಫಾ ಔಷಧಗಳನ್ನು ವಿಶೇಷವಾಗಿ ಪ್ರಯೋಗಿಸಿದರು. ಕೆಲವೇ ವರ್ಷಗಳಲ್ಲಿ ಅವು ನಿಷ್ಫಲವಾಗುತ್ತ ಬಂದುವು. ಆಗ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಂಬುವು ಬಳಕೆಗೆ ಬಂದುವು. 1955ರಲ್ಲಿ ಹಾಂಗ್‌ಕಾಂಗಿನಿಂದ ಮರಳಿದ ರೋಗಿಯೊಬ್ಬರಲ್ಲಿ ಈ ನಾಲ್ಕು ಬಗೆಯ ಔಷಧಗಳನ್ನೂ ಎದುರಿಸುವ ಅಣುಜೀವಿಯು ಕಂಡುಬಂದಿತು. ಮುಂದೆ ಅಂತಹವು ಹೆಚ್ಚುತ್ತ ಹೋದುವು.

ಇದನ್ನು ಆಕಸ್ಮಿಕವಾದ ಗುಣವ್ಯತ್ಯಾಸದಿಂದ ವಿವರಿಸಬಹುದೆ? ಒಂದು ಔಷಧವನ್ನು ಎದುರಿಸುವ ವ್ಯತ್ಯಾಸವೇ ವಿರಳ. ನಾಲ್ಕೂ ಏಕಕಾಲದಲ್ಲಿ ಕೂಡುವುದು ಅಸಂಭವಪ್ರಾಯ. ಅದಲ್ಲದೆ, ಒಬ್ಬನೇ ರೋಗಿಯಲ್ಲಿ ಮಣಿಯುವ ಹಾಗೂ ಮಣಿಯದ ಸಜಾತಿಗಳೆರಡೂ ದೊರೆತುವು. ಒಂದೇ ಔಷಧವನ್ನು ಸೇವಿಸಿದವರಲ್ಲಿಯೂ ನಾಲ್ಕನ್ನೂ ಎದುರಿಸುವುವು ತೋರಿದುವು. ಎಲ್ಲಕ್ಕಿಂತ ಮುಖ್ಯವಾದ ಸಾಕ್ಷ್ಯವೆಂದರೆ, ಅಂತಹ ರೋಗಿಗಳ ಕರುಳಿನಲ್ಲಿ ಸಹಜವಾಗಿ ವಾಸಿಸುವ ಎಶೆರಿಕಿಯ ಕೋಲಿಯಲ್ಲಿಯೂ ಅದೇ ನಿರೋಧಗಳು ಕಂಡುಬಂದುದು. 1959ರಲ್ಲಿ ಅಕಿಬ ಮತ್ತು ಓಚಿಯೈ ಅವರ ತಂಡಗಳು ಪ್ರತ್ಯೇಕವಾಗಿ ಈ ಎರಡು ಜಾತಿಗಳನ್ನು ಕೂಡಿ ಬೆಳೆಸಲು, ನಿರೋಧಗುಣವು ಒಂದರಿಂದ ಇನ್ನೊಂದಕ್ಕೆ ಸಂಕ್ರಮಿಸಿತು. ಇದಕ್ಕೆ ಪರಸ್ಪರ ಸ್ಪರ್ಶವು ಆವಶ್ಯಕವೆಂದು ವತಾನಬೆ ಮೊದಲಾದವರು ತೋರಿಸಿದರು; 1963ರಲ್ಲಿ ವತಾನಬೆ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ವಿಷಯವು ಹೊರನಾಡುಗಳಲ್ಲಿ ಪ್ರಚುರವಾಯಿತು. ಈ ಗುಣವನ್ನು ಹೊತ್ತೊಯ್ಯುವ ವಸ್ತುವಿಗೆ ಇಂದು ಪ್ಲಾಸ್ಮಿಡ್ ಎಂದು ಹೆಸರು.

ಹಸ್ತಪ್ರತಿಗಳ ಸಂಪಾದಕರಿಗೆ ಈ ತೊಡಕು ಅಪರಿಚಿತವಲ್ಲ. ಒಂದು ಪ್ರತಿಯ ಪಾಠವು ಅನ್ಯಶಾಖೆಯ ಪ್ರತಿಯನ್ನು ಸೇರಿದಲ್ಲಿ ವಂಶವೃಕ್ಷವೊಂದರಿಂದಲೇ ಅದರ ಮೂಲವನ್ನು ನಿರ್ಣಯಿಸಲಾಗದು. ಇಲ್ಲಿಯೂ ವಂಶದೊಡನೆ ಸಂಸರ್ಗವನ್ನು ಗಣಿಸಬೇಕು.

ಈ ಸಾಕ್ಷ್ಯವು ಅರ್ಧಶತಮಾನದ ಮೇಲೆ ಪುನರಾವರ್ತಿತವಾಯಿತು. 2008ರಲ್ಲಿ, ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರ ಮೂತ್ರದಲ್ಲಿದ್ದ ಕ್ಲೆಬ್ಸಿಯೆಲ್ಲದಲ್ಲಿ ಕಾರ್ಬಪೆನೆಮ್ ಔಷಧಗಳನ್ನು ಕೆಡಿಸುವ ಎನ್‌ಡಿಎಂ-1 ಎಂಬ ಕಿಣ್ವವು ಕಂಡಿತು. ಆ ರೋಗಿಯ ಮಲದಲ್ಲಿದ್ದ ಎಶೆರಿಕಿಯ ಕೋಲಿಯಲ್ಲಿಯೂ ಅದರ ಜೀನ್ ಇದ್ದಿತು.

ಇದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ರೋಗವನ್ನುಂಟುಮಾಡದ ಅಣುಜೀವಿಗಳೂ ನಿರೋಧದ ಕಣಜವಾಗಬಲ್ಲುವು. ನಿರೋಧಗಳು ಒಂದೇ ಪ್ಲಾಸ್ಮಿಡ್ಡಿನಲ್ಲಿ ಕೂಡಿರುವಾಗ, ಒಂದು ಔಷಧದ ಅನಾವಶ್ಯಕ ಪ್ರಯೋಗವು ಮಿಕ್ಕವುಗಳ ನಿರೋಧವನ್ನೂ ಪೋಷಿಸುತ್ತದೆ. ಆದುದರಿಂದ ಆಸ್ಪತ್ರೆಯಲ್ಲಿ ಒಂದು ಜಾತಿಯನ್ನು ಮಾತ್ರ ಅರಸಿ ಕಾಣದಿದ್ದೊಡನೆ ಅಪಾಯವಿಲ್ಲವೆಂದು ನಿರ್ಣಯಿಸುವುದು ಯುಕ್ತವಲ್ಲ.