ಕೌಟಿಲೀಯದಲ್ಲಿ ಶಿಶುಪೋಷಣೆ: ‘ಭಕ್ತವೇತನ’ ಶಬ್ದವಿಚಾರ

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಶೋಧಿಸಿ 1909ರಲ್ಲಿ ಅಚ್ಚುಹಾಕಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಆ ಗ್ರಂಥದ ದಂಡನೀತಿಯನ್ನೂ ಚಾರರ ಕುಟಿಲೋಪಾಯಗಳನ್ನೂ ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಶಿಶುಗಳ ವಿಷಯದಲ್ಲಿ ಅದು ಹೇಳುವುದನ್ನು ವಿಚಾರಿಸಿದವರು ವಿರಳ.

ಎರಡನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ ಬಾಲರು, ವೃದ್ಧರು, ಆಪನ್ನರು, ಅನಾಥರು, ಶಾಮಶಾಸ್ತ್ರಿಗಳ ಅರ್ಥದಂತೆ ದಿಕ್ಕಿಲ್ಲದ ಗರ್ಭಿಣಿ, ಅವಳು ಹೆತ್ತ ಮಕ್ಕಳು, ಇವರನ್ನು ಅರಸನು ಭರಿಸತಕ್ಕದ್ದೆಂದು ವಿಧಿಯಿದೆ. ‘ಭೃ’ ಧಾತುವಿಗೆ ಹೊರುವುದು, ಪೋಷಿಸುವುದು ಎಂದರ್ಥ. ಪೋಷಣೆಯು ಹಣದಿಂದಲೋ ಧಾನ್ಯದಿಂದಲೋ ಎಂಬುದನ್ನು ಅಲ್ಲಿ ಹೇಳಿಲ್ಲ.

ಐದನೆಯ ಅಧಿಕರಣದ ಭೃತ್ಯಭರಣೀಯದಲ್ಲಿ ವಿವರವು ಹೆಚ್ಚು. ಕಾರ್ಯದಲ್ಲಿ ಮಡಿದ ಸೇವಕನ ಹೆಂಡಿರುಮಕ್ಕಳಿಗೆ ‘ಭಕ್ತವೇತನ’ ಸಲ್ಲಬೇಕು. ಇದನ್ನು ನಾನು ಬಹುಕಾಲ ಸಂಬಳವೆಂಬ ಒಂದೇ ಅರ್ಥದಲ್ಲಿ ಪಾಠ ಹೇಳುತ್ತಿದ್ದೆನು, ಅದು ತಪ್ಪು. ಮುಂದೆ ಅದೇ ಅಧ್ಯಾಯದಲ್ಲಿ, 60 ಪಣದ ವೇತನಕ್ಕೆ ಒಂದು ಆಢಕದಂತೆ, ನಗದಿಗೆ ಅನುರೂಪವಾಗಿ ಭಕ್ತವನ್ನು ಗೊತ್ತುಮಾಡುವ ಲೆಕ್ಕವಿದೆ. ನಗದಿಗೆ ಬದಲಾಗಿ ಧಾನ್ಯವೆಂದು ಶಾಮಶಾಸ್ತ್ರಿಗಳು ಇದನ್ನು ವಿವರಿಸಿದ್ದಾರೆ. ಹಾಗಾದರೂ ಬಾಧಕವಿಲ್ಲ, ಭಕ್ತವೂ ವೇತನವೂ ಒಂದೇ ಆಗಿದ್ದರೆ ಒಂದನ್ನು ಇನ್ನೊಂದರಿಂದ ಅಳೆಯುವುದೇಕೆ? ಆದುದರಿಂದ ಇದು ದ್ವಂದ್ವ ಸಮಾಸ. ಅನ್ನವೂ ಹಣವೂ ಎರಡೂ ಸಲ್ಲತಕ್ಕವು. ಬೊಕ್ಕಸ ಬಡವಾದ ಅರಸನು ಕಾಡಿನ ಉತ್ಪನ್ನ, ಪಶು, ಹೊಲಗಳನ್ನು ಕೊಟ್ಟು ಜೊತೆಗೆ ಅಲ್ಪಸ್ವಲ್ಪ ನಗದನ್ನೂ ಕೊಡಬೇಕಂತೆ. ಸಾವು, ರೋಗ, ಹೆರಿಗೆಗಳಲ್ಲಿ ಧನದೊಡನೆ ಮಾನವನ್ನೂ ಸಲ್ಲಿಸಬೇಕಂತೆ. ಆ ‘ಮಾನ’ ಶಬ್ದವನ್ನು ಎಷ್ಟು ಸಲ ಓದಿದರೂ ನನಗೆ ತೃಪ್ತಿಯಿಲ್ಲ.

ಹಣವೊಂದೇ ಸಾಕೆಂಬ ವಾದವು ಈಗ ಪ್ರಬಲವಾಗಿರುವುದರಿಂದ ಇದನ್ನು ಬರೆಯಬೇಕಾಯಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ 2012ರಿಂದ 2014ರವರೆಗೆ ಬಡ ತಾಯಂದಿರಲ್ಲಿ ಕೆಲವರಿಗೆ ಹಣವನ್ನು ಮಾತ್ರ, ಕೆಲವರಿಗೆ ಹಣದೊಡನೆ ಶಿಶುಪೋಷಣೆಯ ಬೋಧೆಯನ್ನೂ ಕೊಟ್ಟು ಪರೀಕ್ಷಿಸಿದರು. ಬೋಧೆಯೂ ಕೂಡಿದ ಕಡೆ ಕುಂಠಿತವಾಗಿ ಬೆಳೆದ ಶಿಶುಗಳು ನೂರರಲ್ಲಿ ಸುಮಾರು 7ರಷ್ಟು ಕಡಮೆಯಾದರು; ಬರಿಯ ಹಣದಿಂದ ಆ ಫಲ ಕಾಣಲಿಲ್ಲ. ನಮ್ಮ ದೇಶದಲ್ಲಿ ಅಂಗನವಾಡಿಯ ಅನ್ನವು 1975ರಲ್ಲಿಯೇ ಮೊದಲಾಯಿತು. ಆಗಿನ 33 ಸ್ಥಳಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ತಾಯಿಗೆ 5,000 ರೂಪಾಯಿಗಳ ಮಾತೃವಂದನಾ ಧನವು ಬಂದುದು 2017ರಲ್ಲಿ.

ಭಕ್ತವೇತನದ ವಿಧಿಯು ರಾಜಸೇವಕರ ಮಕ್ಕಳಿಗೆ ಮಾತ್ರ ಸಂಬಂಧಿಸಿದುದು. ಎರಡನೆಯ ಅಧಿಕರಣದ ಅನಾಥ ಶಿಶುಗಳಿಗೂ ಅದನ್ನು ಅನ್ವಯಿಸಿ ಕೌಟಿಲ್ಯನನ್ನು ಹೊಗಳುವುದಕ್ಕೆ ಗ್ರಂಥಾಧಾರವು ಸಾಲದು.